ಗಂಡಸರು ಮುಚ್ಚಿಡಬಾರದ ಮಾತು



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಲೆಕ್ಕ ಬರೆಯುತ್ತಿದ್ದ ನಾನು ಈ ಸಲ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ 15 ವರ್ಷದ ಮಗನಿಗೆ ನಡುರಾತ್ರಿ ಒಂದು ವೃಷಣದಲ್ಲಿ ವಿಪರೀತ ನೋವು ಕಾಣಿಸಿತು, ವಾಂತಿಯೂ ಆಯಿತು. ಹುಡುಗ ನಾಚಿಕೆಯಿಂದ ಹೊಟ್ಟೆನೋವು ಎಂದಷ್ಟೇ ಹೇಳಿದ. ಮನೆಯವರು ಓಮದ ಕಷಾಯ ಕೊಟ್ಟು ಮಲಗಿಸಿದರು. ಮರುದಿನ ಮಧ್ಯಾಹ್ನ ಆಸ್ಪತ್ರೆ ಸೇರುವಷ್ಟರಲ್ಲಿ ಆ ವೃಷಣ ಸತ್ತುಹೋಗಿತ್ತು, ತೆಗೆಯಬೇಕಾಯಿತು. ತಂದೆಯವರೇ 'ಬರೆಯಿರಿ, ಇನ್ನೊಬ್ಬರ ಮಗನಾದರೂ ಉಳಿಯಲಿ' ಎಂದದ್ದರಿಂದ ಬರೆಯುತ್ತಿದ್ದೇನೆ.

ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿರುವುದಕ್ಕೆ ಕಾರಣವುಂಟು. ವೀರ್ಯಾಣು ತಯಾರಾಗಲು ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಶಾಖ ಬೇಕು. ಚಳಿಯಲ್ಲಿ ಚೀಲ ಮುದುಡಿ ಮೇಲೇರುತ್ತದೆ, ಸೆಕೆಯಲ್ಲಿ ಸಡಿಲವಾಗಿ ಇಳಿಯುತ್ತದೆ. ಪ್ರತಿ ವೃಷಣವೂ ಒಂದು ಹುರಿಯಿಂದ ತೂಗಿಕೊಂಡಿರುತ್ತದೆ. ರಕ್ತನಾಳ, ನರ, ವೀರ್ಯನಾಳ ಎಲ್ಲವೂ ಆ ಹುರಿಯೊಳಗೇ. ಹುರಿ ತಿರುಚಿಕೊಂಡರೆ, ಔಷಧಿ ಹೊಡೆಯುವ ಪೈಪು ಮಡಚಿದಾಗ ಆಗುವಂತೆ, ರಕ್ತದ ಹರಿವು ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುಮಟ್ಟಿಗೆ ಉಳಿಯುತ್ತದೆ. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಇದು ಹೆಚ್ಚು. ಒಂದೇ ಉಳಿದರೂ ಸಾಮಾನ್ಯವಾಗಿ ಬೆಳವಣಿಗೆಗಾಗಲಿ, ಮುಂದೆ ಮಕ್ಕಳಾಗುವುದಕ್ಕಾಗಲಿ ಅಡ್ಡಿಯಿಲ್ಲ. ಆ ಹುಡುಗನಿಗೂ ಡಾಕ್ಟರರು ಇದನ್ನೇ ಹೇಳಿ ಧೈರ್ಯ ತುಂಬಿದರು.

ವೃಷಣದ ಕೆಲಸ ಎರಡು: ವೀರ್ಯಾಣು ತಯಾರಿಸುವುದು ಮತ್ತು ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನನ್ನು ಸ್ರವಿಸುವುದು. ಮೀಸೆ, ಗಡಸು ದನಿ, ಮೈಕಟ್ಟು ಈ ಹಾರ್ಮೋನಿನ ಫಲ. ಇದು ನೇರವಾಗಿ ರಕ್ತಕ್ಕೆ ಸೇರುತ್ತದೆಯೇ ಹೊರತು ವೀರ್ಯನಾಳದಲ್ಲಿ ಹರಿಯುವುದಿಲ್ಲ. ಆದ್ದರಿಂದ ಆ ನಾಳವನ್ನು ಕತ್ತರಿಸಿ ಕಟ್ಟುವ ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಶಕ್ತಿ ಕುಂದುತ್ತದೆಂಬ ಮಾತಿಗೆ ಬುಡವಿಲ್ಲ.

ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಈ ಕೆಲಸಕ್ಕೆ ಕೆಲವು ವಿಷಗಳು ಮಾರಕ. ಬೇರಿನ ಜಂತುಹುಳುಗಳಿಗೆ ಬಳಸುತ್ತಿದ್ದ ಡಿಬಿಸಿಪಿ ಎಂಬ ಔಷಧಿಯನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರ ಕೆಲಸಗಾರರಲ್ಲಿ ಹಲವರು ಬಂಜೆತನಕ್ಕೆ ಒಳಗಾದದ್ದು 1977ರಲ್ಲಿ ಬೆಳಕಿಗೆ ಬಂತು. ಕೋಸ್ಟರಿಕಾದ ಬಾಳೆತೋಟಗಳ ಕೂಲಿಗಳಿಗೂ ಇದೇ ಗತಿಯಾಯಿತು. ಭಾರತದಲ್ಲಿಯೂ ಅದು ನಿಷೇಧವಾಗಿದೆ. ಆದರೆ ಪಾಠ ಉಳಿದಿದೆ. ವೃಷಣಚೀಲದ ತೆಳು ಚರ್ಮ ವಿಷವನ್ನು ಬೇಗ ಹೀರುತ್ತದೆ. ಔಷಧಿ ಹೊಡೆಯುವಾಗ ಮೂತ್ರಕ್ಕೆ ಹೋಗುವ ಮುನ್ನ ಕೈಯನ್ನು ಸೋಪಿನಿಂದ ತೊಳೆಯಿರಿ. ಕೆಲಸ ಮುಗಿದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಿ. ಆಳುಗಳಿಗೂ ಇದಕ್ಕೆ ಅನುಕೂಲ ಮಾಡಿಕೊಡುವುದು ನಮ್ಮ ಹೊಣೆ.

ಇನ್ನು ನಮ್ಮಂಥ ವಯಸ್ಸಾದವರ ಮಾತು. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿಯಿದೆ. 50 ದಾಟಿದ ಅನೇಕರಲ್ಲಿ ಇದು ದಪ್ಪವಾಗಿ ನಾಳವನ್ನು ಒತ್ತುತ್ತದೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದ ನಾನೂ ಎರಡು ವರ್ಷ ಬಾಯಿ ಬಿಡಲಿಲ್ಲ. ಈಗ ದಿನಕ್ಕೊಂದು ಮಾತ್ರೆಯಲ್ಲಿ ಹಾಯಾಗಿದ್ದೇನೆ. ಬಹುಪಾಲು ಇದು ಕ್ಯಾನ್ಸರ್ ಅಲ್ಲ. ಆದರೆ ಅಲ್ಲವೆಂದು ಹೇಳಬೇಕಾದವರು ಡಾಕ್ಟರರು.

ತಡಮಾಡದೆ ತೋರಿಸಬೇಕಾದವು ಇಷ್ಟು: ವೃಷಣದಲ್ಲಿ ಹಠಾತ್ ನೋವು, ನೋವಿಲ್ಲದಿದ್ದರೂ ಗಟ್ಟಿ ಗಂಟು, ಮೂತ್ರದಲ್ಲಿ ರಕ್ತ, ಮೂತ್ರ ಕಟ್ಟುವುದು, ತೊಡೆಸಂದಿನ ಉಬ್ಬು ಒಳಗೆ ಹೋಗದೆ ನೋಯುವುದು.

ಮರದಲ್ಲಿ ರೋಗ ಕಂಡರೆ ಕೊಂಬೆ ಮುರಿದುಕೊಂಡು ಸಂಘದ ಕಚೇರಿಗೆ ಓಡಿ ಬರುತ್ತೇವೆ. ಮೈಯ ವಿಷಯದಲ್ಲಿ ಮಾತ್ರ ಪಂಚೆ ಬಿಗಿದು ಸುಮ್ಮನಾಗುತ್ತೇವೆ. ಮನೆಯಲ್ಲಿ ಬೆಳೆಯುವ ಹುಡುಗನಿದ್ದರೆ ಇವತ್ತೇ ಕರೆದು ಹೇಳಿ: 'ಅಲ್ಲಿ ನೋವಾದರೆ ನಡುರಾತ್ರಿಯಾದರೂ ನನ್ನನ್ನು ಎಬ್ಬಿಸು.'

ಕಾರ್ಯದರ್ಶಿ