ಆಭರಣಗಳ ಶ್ರವಣಾತೀತ ಶುದ್ಧೀಕರಣ

ಆಭರಣಗಳ ಶ್ರವಣಾತೀತ ಶುದ್ಧೀಕರಣವೆಂದರೆ, ಮೆರುಗು ಕೊಟ್ಟ ಒಡವೆಗಳ ಸಂದುಗಳಲ್ಲಿ ಉಳಿಯುವ ಜಿಡ್ಡನ್ನೂ ಪುಡಿಯನ್ನೂ ದ್ರವದಲ್ಲಿ ಹಾಯಿಸಿದ ಅಧಿಕ ಆವೃತ್ತಿಯ ಧ್ವನಿತರಂಗಗಳ ನೆರವಿನಿಂದ ತೆಗೆಯುವ ವಿಧಾನ. ಮನುಷ್ಯನ ಕಿವಿಗೆ ಕೇಳಿಸುವ ಧ್ವನಿಯ ಮೇಲ್ಮಿತಿ ಸುಮಾರು 20 ಕಿಲೋಹರ್ಟ್ಸ್. ಅದನ್ನು ಮೀರಿದ ತರಂಗಗಳೇ ಶ್ರವಣಾತೀತ ತರಂಗಗಳು. ಆಭರಣದ ಕೆಲಸಕ್ಕೆ ಬಳಸುವ ಯಂತ್ರಗಳು ಹೆಚ್ಚಾಗಿ 40 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತವೆ. ಬಳಕೆಯ ಮಾತಿನಲ್ಲಿ ಇದಕ್ಕೆ ಅಲ್ಟ್ರಾಸೋನಿಕ್ ಎಂಬ ಹೆಸರೇ ನಿಂತಿದೆ.

ಮೆರುಗಿನ ನಂತರದ ಕೊಳೆ

ಒಡವೆಗೆ ಹೊಳಪು ಬರಿಸಲು ತಿರುಗುವ ಬಟ್ಟೆಯ ಚಕ್ರಕ್ಕೆ ಮಸಾಲೆ ಸವರಿ ಉಜ್ಜುತ್ತಾರೆ. ಮೊದಲ ಸುತ್ತಿಗೆ ಕಂದುಬಣ್ಣದ ಟ್ರಿಪೊಲಿಯನ್ನೂ ಕೊನೆಯ ಹೊಳಪಿಗೆ ಕಬ್ಬಿಣದ ಆಕ್ಸೈಡಿನಿಂದಾದ ಕೆಂಪು ರೂಜನ್ನೂ ಬಳಸುವುದು ವಾಡಿಕೆ. ಈ ನುಣ್ಣನೆಯ ಪುಡಿಗಳನ್ನು ಕೊಬ್ಬು ಅಥವಾ ಮೇಣದಲ್ಲಿ ಕಲಸಿರುತ್ತಾರೆ. ಉಜ್ಜುವಾಗ ಹುಟ್ಟುವ ಶಾಖಕ್ಕೆ ಮೇಣ ಕರಗಿ, ಪುಡಿಯೊಡನೆ ಹರಳಿನ ಹಿಂಬದಿಗೂ ಸರದ ಕೊಂಡಿಗಳ ನಡುವಿಗೂ ಇಳಿದು, ಆರಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಹರಳಿನ ಕೆಳಗೆ ಹೀಗೆ ಕಪ್ಪು ಸೇರಿದರೆ ಉತ್ತಮ ವಜ್ರವೂ ಮಂಕಾಗಿ ಕಾಣುತ್ತದೆ. ಅಂಟುವಾಳದ ನೀರಿನಲ್ಲಿ ನೆನೆಸಿ ಕುಂಚದಿಂದ ತಿಕ್ಕುವ ಹಳೆಯ ಕ್ರಮ ಹೊರಮೈಗೆ ಸಾಕು. ಕುಂಚದ ಕೂದಲು ಹೋಗದ ಕಡೆಗೆ ಸಾಲದು.

ಕಾರ್ಯತತ್ತ್ವ

ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಯ ತಳಕ್ಕೆ ಹೊರಗಿನಿಂದ ಪಿಂಗಾಣಿಯ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ವಿದ್ಯುತ್ ಹಾಯಿಸಿದಾಗ ಇವು ಅತಿವೇಗವಾಗಿ ಹಿಗ್ಗಿ ಕುಗ್ಗುತ್ತವೆ. ಪೀಜೋವಿದ್ಯುತ್ ಎನ್ನುವ ಈ ಬಗೆಯ ಗುಣವನ್ನು ಹರಳುಗಳಲ್ಲಿ ಮೊದಲು ಕಂಡವರು ಕ್ಯೂರಿ ಸಹೋದರರಾದ ಪಿಯರ್ ಮತ್ತು ಜಾಕ್, 1880ರಲ್ಲಿ. ಬಿಲ್ಲೆಯ ಕಂಪನ ದ್ರವಕ್ಕೆ ಹಬ್ಬಿ, ಒತ್ತಡ ಒಂದು ಕ್ಷಣ ಇಳಿಯುತ್ತದೆ, ಮರುಕ್ಷಣ ಏರುತ್ತದೆ. ಇಳಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಬೆಳೆಯುತ್ತವೆ. ಏರಿದಾಗ ಒಳಮುಖವಾಗಿ ಕುಸಿಯುತ್ತವೆ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರು. ಹಡಗುಗಳ ಚಾಲಕ ಚಕ್ರಗಳನ್ನು ಕೊರೆದು ಹಾಳುಮಾಡುವುದೂ ಇದೇ ಕ್ರಿಯೆ. ಹೀಗೆ ಕುಸಿಯುವ ಗುಳ್ಳೆಯಲ್ಲಿ ಉಂಟಾಗುವ ಒತ್ತಡವನ್ನು ಲಾರ್ಡ್ ರೇಲಿ 1917ರಲ್ಲಿ ಗಣಿತದಿಂದ ತೋರಿಸಿದರು. ಘನವಸ್ತುವಿನ ಪಕ್ಕದಲ್ಲಿ ಕುಸಿಯುವ ಗುಳ್ಳೆ ಆ ಮೇಲ್ಮೈಯ ಕಡೆಗೆ ದ್ರವದ ಸಣ್ಣ ಚಿಲುಮೆಯನ್ನು ಚಿಮ್ಮಿಸುತ್ತದೆ. ಇಂಥ ಅಸಂಖ್ಯ ಪೆಟ್ಟುಗಳು ಕೊಳೆಯನ್ನು ಬಿಡಿಸುತ್ತವೆ. ದ್ರವ ನುಗ್ಗಬಲ್ಲ ಸಂದಿಗೆಲ್ಲ ಈ ಕ್ರಿಯೆ ತಲುಪುವುದೇ ವಿಧಾನದ ಹೆಚ್ಚುಗಾರಿಕೆ.

ಕ್ರಮ

ನೀರಿಗೆ ಮಾರ್ಜಕವನ್ನೂ ಹಲವೊಮ್ಮೆ ಸ್ವಲ್ಪ ಅಮೋನಿಯವನ್ನೂ ಬೆರೆಸಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಬಿಸಿಗೆ ಮೇಣ ಮೆದುವಾಗುತ್ತದೆ. ಆದರೆ ಕುದಿಯುವ ಹಂತಕ್ಕೆ ಹೋದರೆ ಗುಳ್ಳೆಗಳಲ್ಲಿ ಆವಿ ತುಂಬಿಕೊಂಡು ಮೆತ್ತೆಯಂತಾಗಿ ಪೆಟ್ಟಿನ ಬಲ ಕುಂದುತ್ತದೆ. ಹೊಸದಾಗಿ ತುಂಬಿದ ನೀರಿನಲ್ಲಿ ಗಾಳಿ ಕರಗಿರುವುದರಿಂದ, ಒಡವೆ ಇಡುವ ಮೊದಲು ಯಂತ್ರವನ್ನು ಕೆಲವು ನಿಮಿಷ ಬರಿದೇ ಓಡಿಸಬೇಕು. ಒಡವೆಗಳನ್ನು ಕೊಕ್ಕೆಗೆ ತೂಗುಹಾಕುತ್ತಾರೆ ಅಥವಾ ಜಾಲರಿ ಬುಟ್ಟಿಯಲ್ಲಿ ಇಡುತ್ತಾರೆ. ತಳಕ್ಕಾಗಲಿ ಒಂದಕ್ಕೊಂದಕ್ಕಾಗಲಿ ತಾಗಬಾರದು. ಕೆಲವು ನಿಮಿಷಗಳ ನಂತರ ತೆಗೆದು, ಶುದ್ಧ ನೀರಿನಲ್ಲಿ ಜಾಲಿಸಿ, ಹಬೆಯ ಯಂತ್ರದಿಂದ ಉಳಿದ ಕಣಗಳನ್ನು ಹಾರಿಸಿ ಒಣಗಿಸುತ್ತಾರೆ. ಪೆಟ್ರೋಲ್, ಸ್ಪಿರಿಟ್ ಮುಂತಾದ ಉರಿಯುವ ದ್ರವಗಳನ್ನು ತೊಟ್ಟಿಗೆ ಹಾಕುವುದು ಅಪಾಯ. ಓಡುತ್ತಿರುವ ತೊಟ್ಟಿಯಲ್ಲಿ ಕೈ ಅದ್ದಲೂಬಾರದು.

ತೊಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಕೆಲಕಾಲ ಮುಳುಗಿಸಿ ನೋಡುವುದುಂಟು. ಹಾಳೆಯಲ್ಲಿ ಎಲ್ಲೆಡೆ ಚುಕ್ಕಿ, ತೂತು ಕಂಡರೆ ಕ್ರಿಯೆ ಸಮವಾಗಿದೆಯೆಂದು ಅರ್ಥ. ಹಾಳೆಯನ್ನು ತೂತು ಮಾಡುವ ಬಲ ಹರಳನ್ನು ಏನು ಮಾಡೀತು ಎಂಬ ಪ್ರಶ್ನೆಯೂ ಇಲ್ಲೇ ಏಳಬೇಕು.

ಯಾವುದಕ್ಕೆ ಸಲ್ಲದು

ಬಿರುಕಿಲ್ಲದ ವಜ್ರ, ಸಂಸ್ಕರಿಸದ ಮಾಣಿಕ್ಯ ಮತ್ತು ನೀಲಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಪಚ್ಚೆಯ ಮಾತು ಬೇರೆ. ಪಚ್ಚೆಗಳಲ್ಲಿ ಸಹಜವಾಗಿಯೇ ಸಣ್ಣ ಸೀಳುಗಳಿದ್ದು, ಅವು ಕಾಣದಂತೆ ಎಣ್ಣೆ ಅಥವಾ ರಾಳ ತುಂಬಿರುವುದು ಸಾಮಾನ್ಯ. ತೊಟ್ಟಿಯಲ್ಲಿ ಆ ಎಣ್ಣೆ ಹೊರಬಂದು ಸೀಳುಗಳು ಎದ್ದು ಕಾಣುತ್ತವೆ; ಹರಳು ಒಡೆಯಲೂಬಹುದು. ಬಿರುಕು ತುಂಬಿಸಿದ ಮಾಣಿಕ್ಯ, ವಜ್ರಗಳಿಗೂ ಇದೇ ಗತಿ. ಮುತ್ತು ಮತ್ತು ಹವಳ ಮೃದುವಾದ ಸುಣ್ಣದ ರಚನೆಗಳು, ಓಪಲ್‌ನಲ್ಲಿ ನೀರಿನಂಶವಿದೆ, ಟರ್ಕಾಯ್ಸ್ ದ್ರವವನ್ನು ಹೀರಿಕೊಳ್ಳುತ್ತದೆ. ಇವನ್ನೆಲ್ಲ ದೂರವಿಡಬೇಕು.

ನಮ್ಮಲ್ಲಿ ಹೆಚ್ಚು ಎಚ್ಚರ ಬೇಕಾದುದು ಹಳೆಯ ಕೆಂಪಿನ ಒಡವೆಗಳಿಗೂ ಕುಂದನ ಕೆಲಸಕ್ಕೂ. ಇವುಗಳಲ್ಲಿ ಮುಚ್ಚಿದ ಮನೆಯೊಳಗೆ ಅರಗು ತುಂಬಿ, ಹರಳಿನ ಕೆಳಗೆ ಹೊಳೆಯುವ ತೆಳು ತಗಡನ್ನು ಇಟ್ಟಿರುವುದುಂಟು. ಬಿಸಿಗೆ ಅರಗು ಮೆದುವಾಗಿ, ಒಳನುಗ್ಗಿದ ನೀರಿಗೆ ತಗಡು ಕಪ್ಪಾಯಿತೆಂದರೆ ಅಜ್ಜಿಯ ಕಾಲದ ಹೊಳಪನ್ನು ಮರಳಿ ತರಲು ಹರಳುಗಳನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಇಂಥ ಒಡವೆಗೆ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯೇ ಸರಿ.

ಸಡಿಲವಾದ ಹರಳುಗಳು

ತೊಟ್ಟಿಯಿಂದ ತೆಗೆದಾಗ ಹರಳು ಬಿದ್ದುಹೋಗಿರುವುದು ಕೆಲವೊಮ್ಮೆ ಕಂಡುಬರುತ್ತದೆ. ಬಹಳ ಸಲ ಹರಳಿನ ಹಿಡಿ ಮೊದಲೇ ಸಡಿಲವಾಗಿದ್ದು, ಗಟ್ಟಿಯಾದ ಕೊಳೆಯೇ ಅದನ್ನು ಹಿಡಿದಿಟ್ಟಿರುತ್ತದೆ. ಹೀಗಾಗಿ ಮೊದಲು ಭೂತಗನ್ನಡಿಯಲ್ಲಿ ಹಿಡಿಗಳನ್ನು ಪರೀಕ್ಷಿಸುವುದೂ, ತೊಟ್ಟಿಯ ನೀರನ್ನು ಸೋಸದೆ ಚೆಲ್ಲದಿರುವುದೂ ಒಳ್ಳೆಯ ಪದ್ಧತಿ. ತಳದಲ್ಲಿ ನಿಲ್ಲುವ ಗಸಿಯಲ್ಲಿ ಉಜ್ಜುವಾಗ ಸವೆದ ಚಿನ್ನದ ಕಣಗಳೂ ಇರುವುದರಿಂದ ಅದನ್ನು ಕೂಡಿಟ್ಟು ಚಿನ್ನ ಬೇರ್ಪಡಿಸುತ್ತಾರೆ. ಹಿಂದೆ ಮಣ್ಣು, ಧೂಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರಿತ್ತು.