ಗಣಕ ವಿಜ್ಞಾನದ ವ್ಯಾಸಂಗವೂ ನಮ್ಮ ವಿದ್ಯಾರ್ಥಿನಿಯರೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ವಾರದಲ್ಲಿ ನಮ್ಮ ಕಚೇರಿಯ ಮುಂದಣ ಬೆಂಚಿನಲ್ಲಿ ತಾಯ್ತಂದೆಗಳು ಬಂದು ಕುಳಿತಿರುವುದು ಪ್ರತಿ ವರ್ಷದ ವಾಡಿಕೆ. ಅವರಲ್ಲಿ ನಂಜನಗೂಡಿನ ಪೇಟೆಯವರು ಕೆಲವರಾದರೆ ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳವರು ಕೆಲವರು. ಮೊದಲೆಲ್ಲ ಅವರು ಕೇಳುತ್ತಿದ್ದುದು, ಹುಡುಗಿಯನ್ನು ಉಪಾಧ್ಯಾಯಿನಿಯರ ತರಬೇತಿಗೆ ಕಳುಹಿಸಬೇಕೆ, ದಾದಿಯರ ತರಬೇತಿಗೆ ಕಳುಹಿಸಬೇಕೆ ಎಂಬುದನ್ನು. ಈಚೆಗೆ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಇವಳನ್ನು ಕಂಪ್ಯೂಟರಿಗೆ ಸೇರಿಸಿದರೆ ಕೆಲಸ ಸಿಕ್ಕುತ್ತದೆಯೆ?" ಈ ಪ್ರಶ್ನೆಗೆ ಹೌದೆಂದಾಗಲಿ ಇಲ್ಲವೆಂದಾಗಲಿ ಬೆಂಚಿನ ಬಳಿ ನಿಂತುಕೊಂಡು ಹೇಳಿಬಿಡುವುದು ನ್ಯಾಯವಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಪಾಲಿಗೆ ಬಂದಿರುವ ಪುಟಗಳನ್ನು ಅದರ ವಿಚಾರಕ್ಕಾಗಿಯೇ ಉಪಯೋಗಿಸಿಕೊಳ್ಳುತ್ತೇವೆ.

ಕಂಪ್ಯೂಟರ್ ಕಲಿಯುವುದೆಂದರೆ ಯಂತ್ರದ ಮುಂದೆ ಕುಳಿತು ಬೆರಳಚ್ಚು ಮಾಡುವುದು, ಪತ್ರಗಳನ್ನು ಸಿದ್ಧಪಡಿಸುವುದು, ಲೆಕ್ಕದ ಪಟ್ಟಿಗಳನ್ನು ತುಂಬುವುದು ಎಂದು ಬಹುಮಂದಿ ಹಿರಿಯರು ತಿಳಿದಿರುವರು. ಇವೆಲ್ಲ ಉಪಯುಕ್ತವಾದ ಕೆಲಸಗಳೇ; ಕೆಲವು ತಿಂಗಳಲ್ಲಿ ಕೈಗೆ ಬರುವವು. ಪದವಿಯ ವ್ಯಾಸಂಗವು ಅದಲ್ಲ. ಒಂದು ಕಾರ್ಯವನ್ನು, ಸ್ವಂತ ಬುದ್ಧಿಯಿಲ್ಲದ ಯಂತ್ರವೂ ತಪ್ಪದೆ ಮಾಡಿ ಮುಗಿಸುವಂತೆ, ಹೆಜ್ಜೆ ಹೆಜ್ಜೆಯಾಗಿ ವಿಂಗಡಿಸಿ ಹೇಳುವುದು ಹೇಗೆ. ಹೇಳಬಹುದಾದ ಹಲವು ಮಾರ್ಗಗಳಲ್ಲಿ ಬೇಗ ಮುಗಿಯುವುದು ಯಾವುದು. ಅದು ಎಲ್ಲ ಸಂದರ್ಭದಲ್ಲಿಯೂ ಸರಿಯೆಂದು ತೋರಿಸುವುದು ಹೇಗೆ. ಇವುಗಳ ವಿಚಾರವೇ ಗಣಕ ವಿಜ್ಞಾನ.

ನಮ್ಮ ಕಚೇರಿಯ ದಾಖಲಾತಿ ರಿಜಿಸ್ಟರನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅದರಲ್ಲಿ ಮಕ್ಕಳ ಹೆಸರುಗಳು ಶಾಲೆಗೆ ಸೇರಿದ ಅನುಕ್ರಮದಲ್ಲಿವೆಯೇ ಹೊರತು ಅಕಾರಾದಿಯಾಗಿ ಇಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ದಾಖಲಾತಿ ಸಂಖ್ಯೆಯನ್ನೂ ಸೇರಿದ ವರ್ಷವನ್ನೂ ಮರೆತು ಬಂದು ಪ್ರಮಾಣಪತ್ರ ಬೇಕೆಂದರೆ ಗುಮಾಸ್ತರು ಮೊದಲ ಹಾಳೆಯಿಂದ ಬೆರಳಿಟ್ಟು ನೋಡುತ್ತ ಹೋಗಬೇಕು. ಸಾವಿರ ಹೆಸರುಗಳಿದ್ದರೆ ಸಾವಿರವನ್ನೂ ನೋಡಬೇಕಾಗಿ ಬರಬಹುದು. ಅದೇ ಸಾವಿರ ಹೆಸರುಗಳು ಅಕಾರಾದಿಯಾಗಿದ್ದರೆ ಪುಸ್ತಕವನ್ನು ನಟ್ಟನಡುವೆ ತೆರೆದು, ಹುಡುಕುವ ಹೆಸರು ಅಲ್ಲಿಂದ ಹಿಂದೆ ಇರಬೇಕೋ ಮುಂದೆ ಇರಬೇಕೋ ಎಂದು ನೋಡಿದ ಮಾತ್ರಕ್ಕೆ ಅರ್ಧ ಪುಸ್ತಕದ ಶ್ರಮವು ಕಳೆದುಹೋಗುವುದು. ಉಳಿದ ಐನೂರರ ನಡುವೆ ಮತ್ತೆ ತೆರೆದರೆ 250 ಉಳಿಯುವುವು. ಹೀಗೆಯೇ 125, 62, 31, 15, 7, 3, 1. ಹತ್ತು ಸಲ ನೋಡುವಷ್ಟರಲ್ಲಿ ಹೆಸರು ಸಿಕ್ಕಲೇ ಬೇಕು, ಇಲ್ಲವೆ ಅದು ಪುಸ್ತಕದಲ್ಲಿ ಇಲ್ಲವೆಂಬುದು ನಿಶ್ಚಯ. ಹೆಸರುಗಳು ಹತ್ತು ಲಕ್ಷವಾದರೂ ಇಪ್ಪತ್ತು ಸಲ ನೋಡಿದರೆ ಸಾಕಾಗುವುದು. ಇದನ್ನು ನಾವು ಏಳನೆಯ ತರಗತಿಯಲ್ಲಿ ಒಮ್ಮೆ ನಿಘಂಟನ್ನು ಹಿಡಿದು ತೋರಿಸಿದೆವು. ಅರ್ಥವಾಗಲಿಲ್ಲವೆಂದ ಹುಡುಗಿ ಒಬ್ಬಳೂ ಇರಲಿಲ್ಲ.

ಪದವಿಯಲ್ಲಿ ಕಲಿಸುವ ಇನ್ನೆರಡು ವಿಷಯಗಳಂತೂ ನಮ್ಮ ಕಣ್ಣಮುಂದೆಯೇ ಇವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಒಂದರ ಹಿಂದೊಂದು ಸಾಗುವುದನ್ನು ನೋಡದವರಾರು? ಆ ಬೀದಿಯಲ್ಲಿ ಹಿಂದಿನದು ಮುಂದಿನದನ್ನು ದಾಟಿ ಹೋಗುವಂತಿಲ್ಲ. ಮೊದಲು ಹೊರಟುದೇ ಮೊದಲು ಸೇರುವುದು. ಯಂತ್ರಕ್ಕೆ ಬಂದ ಕೆಲಸಗಳನ್ನು ಹೀಗೆ ಸಾಲಾಗಿ ನಿಲ್ಲಿಸುವುದು ಒಂದು ಕ್ರಮ. ನಮ್ಮ ಉಪಾಧ್ಯಾಯಿನಿಯರ ಮೇಜಿನ ಮೇಲೆ ಮಕ್ಕಳು ಒಟ್ಟುವ ನೋಟುಪುಸ್ತಕಗಳದು ಇನ್ನೊಂದು ಕ್ರಮ: ಕೊನೆಗೆ ತಂದಿಟ್ಟವಳ ಪುಸ್ತಕವೇ ಮೇಲಿರುವುದರಿಂದ ಅವಳದೇ ಮೊದಲು ತಿದ್ದಲ್ಪಡುವುದು. (ತಡವಾಗಿ ಕೊಡುವವರಿಗೆ ಇದು ಪ್ರೋತ್ಸಾಹವಾಗದಿರಲಿ.) ಯಾವ ಕೆಲಸಕ್ಕೆ ಯಾವ ಕ್ರಮವು ತಕ್ಕುದೆಂದು ಆರಿಸುವುದರಲ್ಲಿಯೇ ಈ ವಿದ್ಯೆಯ ಜಾಣ್ಮೆಯಿದೆ.

ಇದೆಲ್ಲವೂ ಇಂಗ್ಲಿಷರ ವಿದ್ಯೆ, ನಮ್ಮ ಭಾಷೆಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರೂ ಉಂಟು. ಯಂತ್ರಕ್ಕೆ ತಿಳಿಯುವುದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ಅಂಕೆಗಳು ಮಾತ್ರ. ಯೂನಿಕೋಡ್ ಎಂಬ ಹೆಸರಿನಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟಿರುವ ಪಟ್ಟಿಯೊಂದಿದೆ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. 'ಕ' ಎಂಬುದರ ಸಂಖ್ಯೆ 3221. 'ನಂಜನಗೂಡು' ಎಂಬ ಮಾತಿನಲ್ಲಿ ಎಷ್ಟು ಅಕ್ಷರಗಳೆಂದು ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಐದು ಎನ್ನುವುದು. ಯಂತ್ರದ ಎಣಿಕೆಯಲ್ಲಿ ಅದು ಎಂಟು. ಏಕೆಂದರೆ ಸೊನ್ನೆ, ಗಕಾರದ ದೀರ್ಘ, ಡಕಾರದ ಕೊಂಬು ಇವು ಪ್ರತ್ಯೇಕವಾಗಿ ಎಣಿಸಲ್ಪಡುವುವು. 'ತಿರುಮಕೂಡಲು' ಎಂಬುದು ನಮಗೆ ಆರು, ಯಂತ್ರಕ್ಕೆ ಹತ್ತು. ಊರಿನ ಹೆಸರಿಗೆ ಏಳು ಚಿಹ್ನೆಗಳಷ್ಟೇ ಜಾಗವಿಟ್ಟು ಒಬ್ಬನು ಪ್ರೋಗ್ರಾಂ ಬರೆದರೆ ನಮ್ಮ ಊರು 'ನಂಜನಗೂಡ' ಎಂದು ಕೊಂಬು ಮುರಿದುಕೊಂಡು ನಿಲ್ಲುವುದು. ಇಂತಹ ದೋಷವನ್ನು ಬೇಗ ಕಂಡುಹಿಡಿಯಬಲ್ಲವಳು ಕನ್ನಡದ ಕಾಗುಣಿತವನ್ನು ಚೆನ್ನಾಗಿ ಬಲ್ಲ ಹುಡುಗಿಯೇ. ಧ್ವನಿಗೆ ಅನುಸಾರವಾದ ಕನ್ನಡ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ಮಾಡಿದುದೂ ಇದನ್ನೇ: ನಮ್ಮ ಅಕ್ಷರಮಾಲೆಯ ಕ್ರಮವನ್ನು ಅರಿತು ಅದನ್ನು ಯಂತ್ರಕ್ಕೆ ಹೊಂದಿಸಿದರು.

ಇನ್ನು ಮಾರ್ಗಗಳ ವಿಷಯ. ನಾಲ್ಕು ವರ್ಷಗಳ ಬಿ.ಇ. ಒಂದು, ಮೂರು ವರ್ಷಗಳ ಬಿ.ಸಿ.ಎ. ಅಥವಾ ಬಿ.ಎಸ್‌ಸಿ. ಇನ್ನೊಂದು. ಮೂರು ವರ್ಷದ ಪದವಿಯನ್ನು ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸುವ ಏರ್ಪಾಡಾಗಿ, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಲಾಯಿತು. ಆದುದರಿಂದ ಅಕ್ಕನು ಓದಿದಂತೆಯೇ ತಂಗಿಯೂ ಓದುವಳೆಂದು ಎಣಿಸಬಾರದು. ಬಿ.ಇ.ಗೆ ಮೈಸೂರಿನಲ್ಲಿಯೇ ಹಲವು ಕಾಲೇಜುಗಳಿವೆ. 1946ರಲ್ಲಿ ಆರಂಭವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್, 1963ರ ಶ್ರೀ ಜಯಚಾಮರಾಜೇಂದ್ರ ಕಾಲೇಜು ಇವು ಹಳೆಯವು. ಸ್ತ್ರೀಯರಿಗಾಗಿಯೇ ಇರುವ ಇಂಜಿನಿಯರಿಂಗ್ ಕಾಲೇಜೂ ಒಂದಿದೆ. ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು.

ತಾಯ್ತಂದೆಗಳು ಮುಖ್ಯವಾಗಿ ಗಮನಿಸಬೇಕಾದುದು ಬೇರೆ. ಬಿ.ಇ.ಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿರಲೇ ಬೇಕು. ಹತ್ತನೆಯ ತರಗತಿಯ ಗಣಿತದಲ್ಲಿ ಅರವತ್ತು ಅಂಕ ಪಡೆದ ಹುಡುಗಿಯು "ನನಗೆ ಲೆಕ್ಕ ಬರುವುದಿಲ್ಲ" ಎಂದು ಕಣ್ಣೀರಿಟ್ಟು ಗಣಿತವಿಲ್ಲದ ವಿಭಾಗಕ್ಕೆ ಸೇರುವುದನ್ನೂ, ಎರಡು ವರ್ಷಗಳ ಮೇಲೆ ಅವಳ ತಂದೆಯೇ ಬಂದು "ಈಗ ಕಂಪ್ಯೂಟರಿಗೆ ಸೇರಿಸಬಹುದೆ?" ಎಂದು ಕೇಳುವುದನ್ನೂ ನಾವು ಮತ್ತೆ ಮತ್ತೆ ಕಂಡಿದ್ದೇವೆ. ಆಗ ಬಿ.ಇ.ಯ ಬಾಗಿಲು ಮುಚ್ಚಿರುವುದು. ದೇವರು ಕೊಟ್ಟ ತಲಾಂತನ್ನು ಅಂಜಿಕೆಯಿಂದ ನೆಲದಲ್ಲಿ ಹೂತಿಟ್ಟವನ ಕಥೆಯನ್ನು ಇಂತಹ ದಿನಗಳಲ್ಲಿ ನೆನೆಯದೆ ಇರಲಾರೆವು.

ಗಣಿತವೆಂಬ ಬಾಗಿಲಿನಿಂದ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ದೂರದ ಉದಾಹರಣೆ ಬೇಡ. ನಂಜನಗೂಡಿನಲ್ಲಿ ವಕೀಲರಾಗಿದ್ದ ಬಿ.ಎಂ. ಶಿವರಾಮಯ್ಯನವರ ಮಗಳು ರಾಜೇಶ್ವರಿ. 1922ರಲ್ಲಿ ಹುಟ್ಟಿದ ಆಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಎಂ.ಎಸ್‌ಸಿ. ಮುಗಿಸಿದರು, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿ ಡಾಕ್ಟರೇಟ್ ಪಡೆದರು. 1953ರಲ್ಲಿ ಮರಳಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ರಾಜೇಶ್ವರಿ ಚಟರ್ಜಿ ಎಂಬ ಹೆಸರಿನಿಂದ ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ಪ್ರಸಿದ್ಧರಾಗಿ 1982ರಲ್ಲಿ ನಿವೃತ್ತರಾದರು. ಅವರ ವಿಷಯವು ಕಂಪ್ಯೂಟರ್ ಅಲ್ಲದಿದ್ದರೂ ಈ ದಿನ ನಮ್ಮ ಕೈಯಲ್ಲಿರುವ ದೂರವಾಣಿಗಳು ಒಂದರೊಡನೊಂದು ಮಾತನಾಡುವುದು ಅಂತಹ ವಿದ್ಯೆಯಿಂದಲೇ. ಕಂಪ್ಯೂಟರಿನ ಇತಿಹಾಸದಲ್ಲಿಯೂ ಸ್ತ್ರೀಯರು ಹಿಂದಿನಿಂದ ಬಂದವರಲ್ಲ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಎಂಬ ಯಂತ್ರಕ್ಕೆ ಲೆಕ್ಕಗಳನ್ನು ಹೂಡಿಕೊಟ್ಟವರು ಆರು ಮಂದಿ ತರುಣಿಯರು.

ಪ್ರವೇಶವು ರಾಜ್ಯದ ಸಿ.ಇ.ಟಿ. ಪರೀಕ್ಷೆಯ ಮೂಲಕ. ಅದರಲ್ಲಿ ಬಂದ ಅಂಕಕ್ಕೂ ಪಿ.ಯು.ಸಿ.ಯ ಅಂಕಕ್ಕೂ ಸಮಭಾಗ ಕೊಟ್ಟು ಇಂಜಿನಿಯರಿಂಗಿನ ಶ್ರೇಣಿಯನ್ನು ನಿರ್ಣಯಿಸುವರು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಆ ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಸ್ಥಾನಗಳು ಮೀಸಲು. ಕನ್ನಡದಲ್ಲಿ ಓದಿಸಿ ಮಗಳಿಗೆ ಅನ್ಯಾಯ ಮಾಡಿದೆವೆಂದು ಕೊರಗುವವರು ಇದನ್ನು ತಿಳಿದಿರುವುದು ಮೇಲು.

ಆದರೂ ಇಂಗ್ಲಿಷಿನ ತೊಡಕು ನಿಜವಾದುದು, ಅದನ್ನು ಮರೆಮಾಚಲಾರೆವು. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿಯೇ ಅನುಮತಿ ದೊರೆತಿದ್ದರೂ ನಮ್ಮ ಮಕ್ಕಳು ಸೇರುವ ತರಗತಿಗಳಲ್ಲಿ ಪಾಠವು ಇಂಗ್ಲಿಷಿನಲ್ಲಿಯೇ ನಡೆಯುವುದು. ಮೊದಲ ವರ್ಷದಲ್ಲಿ ಎಲ್ಲ ಶಾಖೆಯವರಿಗೂ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಇರುವುದರಿಂದ, ಆ ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿಯೂ ಬರೆದಿಟ್ಟುಕೊಂಡ ಹುಡುಗಿಯು ಎರಡನೆಯ ಸೆಮಿಸ್ಟರಿನ ಹೊತ್ತಿಗೆ ದಡ ಸೇರುವಳು. ಬಾಯಿಪಾಠ ಮಾಡಿದವಳು ಮೂರನೆಯದರಲ್ಲಿ ಮುಗ್ಗರಿಸುವಳು.

ಪ್ರಯಾಣದ ವಿಷಯವನ್ನೂ ಹೇಳಬೇಕು. ನಂಜನಗೂಡಿನಿಂದ ಮೈಸೂರಿಗೆ ರೈಲೂ ಉಂಟು, ಬಸ್ಸೂ ಉಂಟು. ನರಸೀಪುರಕ್ಕೆ ರೈಲಿಲ್ಲ, ಮೂವತ್ತು ಕಿಲೋಮೀಟರಿನಷ್ಟು ದಾರಿಯನ್ನು ಬಸ್ಸಿನಲ್ಲಿಯೇ ಹೋಗಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವು ಉಳಿಯಿತು. ಹೊತ್ತು ಉಳಿಯಲಿಲ್ಲ. ಹಳ್ಳಿಯಿಂದ ನರಸೀಪುರಕ್ಕೆ, ಅಲ್ಲಿಂದ ಮೈಸೂರಿಗೆ, ಅಲ್ಲಿಂದ ಕಾಲೇಜಿಗೆ ಮೂರು ಬಸ್ಸು ಹತ್ತುವವಳು ಸಂಜೆಯ ಪ್ರಯೋಗಶಾಲೆಯಲ್ಲಿ ಅರ್ಧ ಗಂಟೆ ಹೆಚ್ಚಾಗಿ ನಿಲ್ಲಲಾರಳು. ಈ ವಿದ್ಯೆಯು ಕೈಗೆ ಹತ್ತುವುದಾದರೋ ಆ ಅರ್ಧ ಗಂಟೆಯಲ್ಲಿಯೇ. ಸಾಧ್ಯವಿದ್ದವರು ಹಾಸ್ಟೆಲಿನಲ್ಲಿ ಬಿಡಿರೆಂದೂ, ಆಗದವರು ಮನೆಗೆ ಬಂದ ಮೇಲೆ ಅವಳಿಗೆ ಒಲೆಯ ಕೆಲಸವನ್ನು ಕಡಿಮೆ ಮಾಡಿರೆಂದೂ ಕೇಳಿಕೊಳ್ಳುತ್ತೇವೆ. ಅವಳ ಅಣ್ಣತಮ್ಮಂದಿರಿಗೂ ಕೈಗಳಿವೆಯಷ್ಟೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷಗಳ ಹಿಂದೆ ನಮ್ಮನ್ನು ನೋಡಲು ಬಂದಿದ್ದಳು. ಪ್ರತಿ ಸೆಮಿಸ್ಟರಿನಲ್ಲಿಯೂ ಒಳ್ಳೆಯ ಅಂಕಗಳು. ಆದರೆ ಉದ್ಯೋಗದ ಸಂದರ್ಶನದಲ್ಲಿ ಹಾಳೆಯೊಂದನ್ನು ಕೊಟ್ಟು ಹತ್ತು ಸಾಲಿನ ಪ್ರೋಗ್ರಾಂ ಬರೆಯೆಂದಾಗ ಕೈ ನಡುಗಿತಂತೆ. "ಮಿಸ್, ಲ್ಯಾಬ್ ರೆಕಾರ್ಡನ್ನೆಲ್ಲ ಗೆಳತಿಯದು ನೋಡಿ ಬರೆದೆ, ಎಲ್ಲರೂ ಹಾಗೆಯೇ ಮಾಡುತ್ತಿದ್ದರು" ಎಂದಳು. ನಮಗೆ ಅವಳ ಮೇಲೆ ಕೋಪ ಬರಲಿಲ್ಲ. ಅಂದವಾದ ಅಕ್ಷರಕ್ಕೆ ಹೆಚ್ಚು ಅಂಕ ಕೊಡುವ ಪದ್ಧತಿಯನ್ನು ಅವಳು ಕಲಿತುದು ನಮ್ಮಲ್ಲಿಯೇ ಅಲ್ಲವೆ? ಆಕೆ ಒಂಬತ್ತು ತಿಂಗಳು ಮನೆಯಲ್ಲಿ ಕುಳಿತು, ಮೊದಲ ವರ್ಷದ ಲೆಕ್ಕಗಳಿಂದ ಹಿಡಿದು ಒಂದೊಂದನ್ನೂ ತಾನೇ ಬರೆದು, ತಪ್ಪಿದರೆ ಏಕೆ ತಪ್ಪಿತೆಂದು ಹುಡುಕಿದಳು. ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದಾಸ್ತಾನಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನಡೆಸುವ ವಿಭಾಗದಲ್ಲಿದ್ದಾಳೆ. ಬೆಂಗಳೂರಿನ ಸಂಬಳವಲ್ಲ, ಸಂಜೆ ಮನೆ ಸೇರುವಳು.

ಉದ್ಯೋಗವು ಸಿಕ್ಕಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲವೆಂಬುದನ್ನು ಮೈಸೂರಿನವರು 2025ರ ಫೆಬ್ರವರಿಯಲ್ಲಿ ಕಂಡರು. ದೊಡ್ಡ ಸಂಸ್ಥೆಯೊಂದರ ತರಬೇತಿ ಕೇಂದ್ರದಿಂದ, ಒಳಗಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಲಿಲ್ಲವೆಂದು, ಮುನ್ನೂರಕ್ಕೂ ಹೆಚ್ಚು ಮಂದಿ ಹೊಸಬರನ್ನು ಹೊರಗೆ ಕಳುಹಿಸಲಾಯಿತು. ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಹೋಗುವುದಿಲ್ಲ; ಪದವಿಯ ಕಾಗದವೊಂದೇ ಸಾಲದೆಂಬುದು ಮಾತ್ರ ಸ್ಪಷ್ಟ. ಅದೂ ಅಲ್ಲದೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಕೇಳಿದ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಹಾಗಾದರೆ ಕಲಿಯುವುದೇಕೆ ಎಂದು ಹತ್ತನೆಯ ತರಗತಿಯವರು ಕೇಳಿದರು. ಕ್ಯಾಲ್ಕ್ಯುಲೇಟರ್ ತಪ್ಪು ಗುಂಡಿ ಒತ್ತಿದುದಕ್ಕೆ ತಪ್ಪು ಉತ್ತರವನ್ನೇ ಧೈರ್ಯವಾಗಿ ತೋರಿಸುವುದಿಲ್ಲವೆ? ಉತ್ತರವು ಸಾವಿರದಲ್ಲಿರಬೇಕೋ ಲಕ್ಷದಲ್ಲಿರಬೇಕೋ ಎಂದು ಅಂದಾಜು ತಿಳಿದವಳೇ ಅದನ್ನು ಹಿಡಿಯುವಳು. ಯಂತ್ರವು ಬರೆದುದನ್ನು ಓದಿ, ಊರಿನ ಹೆಸರಿನ ಕೊಂಬು ಮುರಿಯುವುದು ಯಾವ ಸಾಲಿನಲ್ಲಿ ಎಂದು ಬೆರಳಿಟ್ಟು ತೋರಿಸುವವಳು ಬೇಕಾಗಿರುವಳು. ನಕಲು ಮಾಡಿ ಬಂದವಳಿಗೆ ಇನ್ನು ಮುಂದೆ ಮೊದಲಿದ್ದಷ್ಟೂ ಸ್ಥಳವಿರಲಾರದು.

ಈ ಕಾರಣದಿಂದ ಶನಿವಾರ ಮಧ್ಯಾಹ್ನ ನಮ್ಮ ಕಂಪ್ಯೂಟರ್ ಕೊಠಡಿಯನ್ನು ಎಂಟರಿಂದ ಹತ್ತನೆಯ ತರಗತಿಯವರಿಗೆ ತೆರೆದಿಡುತ್ತಿದ್ದೇವೆ. ಅಲ್ಲಿ ಅಂಕಗಳಿಲ್ಲ, ರೆಕಾರ್ಡು ಪುಸ್ತಕವೂ ಇಲ್ಲ.

ಕೊನೆಯದಾಗಿ ಒಂದು ಸೂಚನೆ. ಮೇಲೆ ಹೇಳಿದ ಮೀಸಲಾತಿಗಳಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟ ವ್ಯಾಸಂಗ ಪ್ರಮಾಣಪತ್ರವೂ ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಕೊನೆಯ ವಾರದಲ್ಲಿ ಓಡಿಬಾರದೆ ಮೊದಲೇ ಬಂದು ಪಡೆಯಬೇಕು. ಬರುವಾಗ ದಾಖಲಾತಿ ಸಂಖ್ಯೆಯನ್ನು ಬರೆದು ತರಬೇಕು. ನಮ್ಮ ರಿಜಿಸ್ಟರು ಇನ್ನೂ ಅಕಾರಾದಿಯಾಗಿಲ್ಲ.