ಹುಣಸೆಹುಳಿ ತಾಗಿಸುವ ಮುನ್ನ: ಅಟ್ಟದ ತುಕ್ಕು ಖಡ್ಗ ಆಫ್ರಿಕದ್ದೂ ಆಗಿರಬಹುದು

ನಲ್ಲೂರು: ದೇವನಹಳ್ಳಿ ತಾಲ್ಲೂಕಿನ ಈ ಗ್ರಾಮದ ಹೆಸರು ಕೇಳಿದೊಡನೆ ನೆನಪಾಗುವುದು ಇಲ್ಲಿನ ಹುಣಸೆ ತೋಪು. ಸುಮಾರು 54 ಎಕರೆಯಲ್ಲಿ ಹರಡಿರುವ, ಶತಮಾನಗಳನ್ನು ಕಂಡ ಮರಗಳುಳ್ಳ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಪಡೆಯಿತು. ಹುಣಸೆಹಣ್ಣಿಗೂ ನಮ್ಮ ಮನೆಯ ಲೋಹದ ವಸ್ತುಗಳಿಗೂ ಹಳೆಯ ನಂಟಿದೆ. ಹಬ್ಬ ಬಂತೆಂದರೆ ಹಿತ್ತಾಳೆಯ ದೀಪ, ತಾಮ್ರದ ಬಿಂದಿಗೆಗಳು ಹುಣಸೆಹುಳಿಯಲ್ಲಿ ಮಿಂದು ಥಳಥಳಿಸುತ್ತವೆ. ಆದರೆ ಆಯುಧಪೂಜೆಗೆಂದು ಅಟ್ಟದಿಂದ ಇಳಿಸಿದ ಹಳೆಯ ಖಡ್ಗಕ್ಕೂ ಅದೇ ಉಪಚಾರ ನಡೆದರೆ, ಒಂದು ಗಂಟೆಯಲ್ಲಿ ಒಂದು ಶತಮಾನದ ಸಾಕ್ಷ್ಯ ಅಳಿಸಿಹೋಗುತ್ತದೆ.

ದೇವನಹಳ್ಳಿ ಟಿಪ್ಪು ಸುಲ್ತಾನನ ಜನ್ಮಸ್ಥಳ. ಹೀಗಾಗಿ ಈ ಸೀಮೆಯಲ್ಲಿ ಹಳೆಯ ಕತ್ತಿ ಕಂಡರೆ 'ಟಿಪ್ಪು ಕಾಲದ್ದು' ಎನ್ನುವುದು ಸಹಜ. ಆ ಮಾತು ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಬೆಂಗಳೂರು ಸುತ್ತಿನ ಮನೆಗಳಿಗೆ ಆಫ್ರಿಕದ ಖಡ್ಗವೊಂದು ಬಂದು ಸೇರಲು ಇತಿಹಾಸದಲ್ಲಿ ಸ್ಪಷ್ಟವಾದ ದಾರಿಗಳಿವೆ ಎಂಬುದು ಅನೇಕರಿಗೆ ಅಚ್ಚರಿ ತರುವ ಸಂಗತಿ.

ಬಂದ ದಾರಿ

ಬೆಂಗಳೂರಿನಲ್ಲಿ ನೆಲೆಯೂರಿದ ಮದ್ರಾಸ್ ಸ್ಯಾಪರ್ಸ್ ಪಡೆಯ ತುಕಡಿಗಳು 1868ರಲ್ಲಿ ಅಬಿಸೀನಿಯ, ಅಂದರೆ ಇಂದಿನ ಇಥಿಯೋಪಿಯದ ದಂಡಯಾತ್ರೆಯಲ್ಲಿ ಪಾಲ್ಗೊಂಡಿದ್ದವು. 1885ರಲ್ಲಿ ಅದೇ ಪಡೆಯ ಯೋಧರು ಸೂಡಾನಿನ ಕೆಂಪು ಸಮುದ್ರ ತೀರದ ಸುವಾಕಿನ್ ಬಂದರಿಗೆ ಹೋದರು. ಆ ವರ್ಷದ ಮಾರ್ಚ್ 22ರಂದು ಟೊಫ್ರೆಕ್ ಎಂಬಲ್ಲಿ ಬೇಜಾ ಬುಡಕಟ್ಟಿನ ಯೋಧರು ಖಡ್ಗ, ಈಟಿ ಹಿಡಿದು ಶಿಬಿರದ ಮೇಲೆರಗಿದರು. 'ಟೊಫ್ರೆಕ್' ಇಂದಿಗೂ ಆ ಪಡೆಯ ಯುದ್ಧಗೌರವಗಳಲ್ಲಿ ಒಂದು. 1941ರಲ್ಲಿ ಎರಿಟ್ರಿಯದ ಕೆರೆನ್ ಕಾಳಗದಲ್ಲಿಯೂ ಭಾರತೀಯ ಡಿವಿಷನ್‌ಗಳು ಹೋರಾಡಿದವು. ಯುದ್ಧದಿಂದ ಮರಳುವವರು ನೆನಪಿಗಾಗಿ ಶಸ್ತ್ರಗಳನ್ನು ತರುತ್ತಿದ್ದುದು ಆ ಕಾಲದ ರೂಢಿ. ನಂತರದ ದಶಕಗಳಲ್ಲಿ ಆಫ್ರಿಕದಲ್ಲಿ ಉದ್ಯೋಗ ಮಾಡಿ ಬಂದವರು ಅಲ್ಲಿನ ಪೇಟೆಯಲ್ಲಿ ಕೊಂಡು ತಂದಿರುವ ಸಾಧ್ಯತೆಯೂ ಇದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಆಫ್ರಿಕ ಮೂಲದ ಹಬ್ಶಿ ಸರದಾರರು ದಖನ್ನಿನಲ್ಲಿ ಪ್ರಬಲರಾಗಿದ್ದರು. ಬಿಜಾಪುರದ ಇಖ್ಲಾಸ್ ಖಾನ್, ಸಿರಾದಲ್ಲಿ ಗೋರಿಯುಳ್ಳ ಮಲಿಕ್ ರಿಹಾನ್ ಇದಕ್ಕೆ ಉದಾಹರಣೆ. ಆದರೆ ಅವರು ಹಿಡಿದ ಶಸ್ತ್ರ ದಖನ್ನಿನದೇ. ಒಡೆಯ ಆಫ್ರಿಕದವನಾದ ಮಾತ್ರಕ್ಕೆ ಖಡ್ಗವೂ ಆಫ್ರಿಕದ್ದಾಗದು.

ಗುರುತಿಸುವ ಬಗೆ

ಸೂಡಾನಿನ ಖಡ್ಗಕ್ಕೆ 'ಕಸ್ಕಾರ' ಎಂದು ಹೆಸರು. ಅದರ ಅಲಗು ನೇರ. ಎರಡೂ ಕಡೆ ಹರಿತ. ಒಟ್ಟು ಉದ್ದ ಸುಮಾರು ಒಂದು ಮೀಟರ್. ಅಲಗಿನ ನಡುವೆ ಉದ್ದಕ್ಕೆ ಒಂದು ಅಗಲ ತೋಡು, ಇಲ್ಲವೇ ಮೂರು ಕಿರಿದಾದ ತೋಡುಗಳಿರುತ್ತವೆ. ಹಿಡಿಗೂ ಅಲಗಿಗೂ ನಡುವೆ ಶಿಲುಬೆಯಾಕಾರದ ಕಬ್ಬಿಣದ ಅಡ್ಡಪಟ್ಟಿ; ಅದರ ತುದಿಗಳು ಕೊಂಚ ಅಗಲ. ಹಿಡಿ ಮರದ್ದು, ಮೇಲೆ ಚರ್ಮದ ಹೊದಿಕೆ, ತುದಿಯಲ್ಲಿ ದುಂಡನೆಯ ಬಿಲ್ಲೆ. ಚರ್ಮದ ಒರೆ ತುದಿಯ ಬಳಿ ಎಲೆಯಂತೆ ಅಗಲವಾಗಿರುವುದು ಇದರ ವಿಶೇಷ.

ನಮ್ಮ ತಲವಾರಿನ ಹಿಡಿಯಲ್ಲೂ ಬಿಲ್ಲೆಯುಂಟು, ಅಡ್ಡಪಟ್ಟಿಯುಂಟು. ಆದರೆ ತಲವಾರಿನ ಹಿಡಿ ಇಡಿಯಾಗಿ ಲೋಹದ್ದು, ಅಲಗು ಸಾಮಾನ್ಯವಾಗಿ ಬಾಗಿದ್ದು. ಸಹಾರಾ ಮರುಭೂಮಿಯ ತುವಾರೆಗ್ ಜನರ 'ತಕೂಬಾ'ದ ಅಲಗೂ ನೇರವೇ. ಅದರ ಅಡ್ಡಪಟ್ಟಿ ಮಾತ್ರ ಪೆಟ್ಟಿಗೆಯಂತೆ ದಪ್ಪ, ಅಲಗಿನ ತುದಿ ದುಂಡು. ಇಥಿಯೋಪಿಯದ 'ಶೋಟೆಲ್' ಕುಡುಗೋಲಿನಂತೆ ಬಾಗಿರುವುದರಿಂದ ತಟ್ಟನೆ ಗುರುತು ಸಿಗುತ್ತದೆ.

ಅಲಗಿನ ಮೇಲಿನ ಮುದ್ರೆ ಮಾತ್ರ ಅನುಭವಿಗಳನ್ನೂ ದಾರಿ ತಪ್ಪಿಸಬಲ್ಲದು. ಜರ್ಮನಿಯ ಸೊಲಿಂಗೆನ್ ಮುಂತಾದ ಕಡೆ ತಯಾರಾದ ಅಲಗುಗಳು ಸೂಡಾನಿಗೂ ಹೋದವು, ದಖನ್ನಿಗೂ ಬಂದವು. ಕನ್ನಡದಲ್ಲಿ ಫಿರಂಗಿ ಎಂದರೆ ತೋಪು. ಆದರೆ ಯುರೋಪಿನ ಅಲಗಿಗೆ ಇಲ್ಲಿನ ಹಿಡಿ ಕೂಡಿಸಿದ ಖಡ್ಗಕ್ಕೂ 'ಫಿರಂಗಿ' ಎಂದೇ ಹೆಸರು. ಮುಖವುಳ್ಳ ಅರ್ಧಚಂದ್ರ, ಸಿಂಹ ಮೊದಲಾದ ಯುರೋಪಿನ ಗುರುತುಗಳನ್ನು ಸೂಡಾನಿನ ಕಮ್ಮಾರರೂ ನಕಲು ಮಾಡಿ ಒತ್ತಿದರು. ಆದ್ದರಿಂದ ಅಲಗು ಹುಟ್ಟಿದ ಊರು ಬೇರೆ, ಖಡ್ಗ ಬಾಳಿದ ನಾಡು ಬೇರೆ. ನಾಡನ್ನು ಹೇಳುವುದು ಹಿಡಿ ಮತ್ತು ಒರೆ. ಅಂದರೆ ಮರ ಮತ್ತು ಚರ್ಮ. ಮೊದಲು ಹಾಳಾಗುವುದೂ, 'ಇದೇನು ಪ್ರಯೋಜನ' ಎಂದು ಮೊದಲು ಬಿಸಾಡುವುದೂ ಇವನ್ನೇ!

ಮಹ್ದಿಯ ಅನುಯಾಯಿಗಳ ಕಾಲದ, ಅಂದರೆ 19ನೇ ಶತಮಾನದ ಕೊನೆಯ ಕೆಲವು ಕಸ್ಕಾರಗಳ ಅಲಗಿನ ತುಂಬ ಅರಬ್ಬಿ ಬರಹವಿರುತ್ತದೆ. ಇದನ್ನು ಕೆತ್ತಿದ್ದಲ್ಲ, ಆಮ್ಲದಿಂದ ಮೂಡಿಸಿದ್ದು, ಕೂದಲೆಳೆಯಷ್ಟೂ ಆಳವಿರುವುದಿಲ್ಲ. ಇನ್ನು 20ನೇ ಶತಮಾನದಲ್ಲಿ ಸೂಡಾನಿನ ಕಸಾಲಾ ಪಟ್ಟಣದ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದಲೂ ಕಸ್ಕಾರ ತಯಾರಿಸಿದ್ದಾರೆ. ಹಾಗಾಗಿ ತುಕ್ಕು ಹಿಡಿದದ್ದೆಲ್ಲ ಪುರಾತನ ಎನ್ನುವಂತಿಲ್ಲ. ತೇವದ ಗೋಡೆಗೆ ಒರಗಿಸಿಟ್ಟ ಖಡ್ಗಕ್ಕೆ ತುಕ್ಕು ಹಿಡಿಯಲು ಒಂದೆರಡು ಮಳೆಗಾಲ ಸಾಕು.

ಹುಣಸೆ ಏಕೆ ಬೇಡ?

ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ತುಕ್ಕನ್ನು ಕರಗಿಸುತ್ತದೆ ಎಂಬುದು ನಿಜ. ಆದರೆ ತುಕ್ಕಿನ ಜೊತೆಗೆ, ಕಬ್ಬಿಣಕ್ಕೆ ಕವಚದಂತಿರುವ ಹಳೆಯ ಕಪ್ಪು ಪದರವನ್ನೂ ತೆಗೆಯುತ್ತದೆ. ಆಮ್ಲದಿಂದ ಮೂಡಿಸಿದ ಬರಹವನ್ನು ಮಸುಕಾಗಿಸುತ್ತದೆ. ಹುಣಸೆಯ ಜೊತೆ ಉಪ್ಪು ಸೇರಿಸಿ ಉಜ್ಜಿದರಂತೂ ಉಪ್ಪಿನ ಕ್ಲೋರೈಡ್ ಕಬ್ಬಿಣದ ರಂಧ್ರಗಳಲ್ಲಿ ಉಳಿದು, ಹೊಸ ತುಕ್ಕಿಗೆ ಬೀಜವಾಗುತ್ತದೆ. ನಿಂಬೆಹಣ್ಣಿಗೂ ಇದೇ ಮಾತು ಅನ್ವಯ. ಉಪ್ಪುಕಾಗದ, ತಂತಿ ಬ್ರಷ್, ಸಾಣೆಯಂತ್ರ ಇವು ಇನ್ನೂ ಅಪಾಯಕಾರಿ. ಒಮ್ಮೆ ಸವೆದ ಮುದ್ರೆಯನ್ನು ಯಾವ ಪ್ರಯೋಗಾಲಯವೂ ಮರಳಿ ಕೊಡಲಾರದು.

ಸಂರಕ್ಷಣಾ ತಜ್ಞರು ತುಕ್ಕನ್ನು ಸ್ಥಿರಗೊಳಿಸಲು ಕೆಲವೊಮ್ಮೆ ಟ್ಯಾನಿಕ್ ಆಮ್ಲ ಬಳಸುವುದುಂಟು. ಅದು ಬೇರೆಯೇ ವಸ್ತು, ಬೇರೆಯೇ ವಿಧಾನ. ಅದನ್ನು ಹುಣಸೆಹುಳಿಗೆ ಸಮರ್ಥನೆಯಾಗಿ ಬಳಸುವಂತಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲ ಕೆಲಸ ದಾಖಲೆ. ಹಗಲು ಬೆಳಕಿನಲ್ಲಿ ಪಕ್ಕಕ್ಕೆ ಅಳತೆಪಟ್ಟಿಯಿಟ್ಟು ಎರಡೂ ಬದಿಯ ಚಿತ್ರ ತೆಗೆಯಬೇಕು. ಉದ್ದ, ಅಗಲ, ತೂಕ ಬರೆದಿಡಬೇಕು. ಖಡ್ಗ ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ, ಅವರ ಮಾತಿನಲ್ಲಿಯೇ ದಾಖಲಿಸಬೇಕು. ತಾತ ಯಾವ ಪಡೆಯಲ್ಲಿದ್ದರು, ಯಾವ ವರ್ಷ ಮರಳಿದರು ಎಂಬ ಒಂದು ಸಾಲು ಎಷ್ಟೋ ಸಲ ಮುದ್ರೆಗಿಂತ ಹೆಚ್ಚು ಬೆಲೆಬಾಳುತ್ತದೆ.

ಬರಿಗೈಯಲ್ಲಿ ಮುಟ್ಟಬಾರದು, ಬೆವರಿನಲ್ಲಿ ಉಪ್ಪಿದೆ. ಒರೆಯಲ್ಲಿ ಸಿಕ್ಕಿಕೊಂಡ ಖಡ್ಗವನ್ನು ಬಲವಂತವಾಗಿ ಎಳೆಯಬಾರದು. ಕಬ್ಬಿಣ ಕಪ್ಪಾಗಿ, ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡುವುದು ಲೇಸು. ಕಿತ್ತಳೆ ಬಣ್ಣದ ಪುಡಿ ಉದುರುತ್ತಿದ್ದರೆ ಮೆತ್ತನೆಯ ಒಣ ಬ್ರಷ್, ಬಿದಿರಿನ ಸಲಾಕೆಗಳಿಂದ ಸಡಿಲವಾದುದನ್ನಷ್ಟೇ ತೆಗೆಯಬಹುದು. ನೀರು ಬೇಡ. ಬಳಿಕ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಬರಿಯ ಲೋಹವನ್ನು ಒರೆಸಿ, ಪೂರ್ತಿ ಒಣಗಿಸಿ, ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಸವರಬೇಕು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಬೇಡ. ಅವು ಕಾಲಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತವೆ. ಅಲಗಿನ ಮೇಲೆ ಬರಹ ಅಥವಾ ಬೆಳ್ಳಿಯ ಕೆಲಸ ಕಂಡರೆ, ತುಕ್ಕಿನ ಮೇಲೆ ತೇವದ ಹನಿಗಳು ಮೂಡುತ್ತಿದ್ದರೆ ಅಲ್ಲಿಗೇ ಕೈ ನಿಲ್ಲಿಸಿ ತಜ್ಞರಿಗೆ ಒಪ್ಪಿಸಬೇಕು.

ಚರ್ಮದ ವಿಷಯ ಇನ್ನೂ ಸೂಕ್ಷ್ಮ. ಸೂಡಾನಿನಲ್ಲಿ ಚರ್ಮ ಹದಮಾಡಲು ಬಳಸುವುದು ನಮ್ಮ ಕರಿಜಾಲಿಯ ಜಾತಿಯದೇ ಮರದ ಕಾಯಿ. ಹಳತಾದ ಚರ್ಮ ಕೆಂಪು ಪುಡಿಯಾಗಿ ಉದುರತೊಡಗಿದರೆ ಎಣ್ಣೆ, ಪಾಲಿಶ್, ಸಾಬೂನು ಯಾವುದೂ ಅದಕ್ಕೆ ಮದ್ದಲ್ಲ. ಡೊಂಕಾದ ಒರೆಯನ್ನು ನೇರ ಮಾಡಲು ಹೋದರೆ ಮುರಿಯುತ್ತದೆ. ಚರ್ಮದಲ್ಲಿನ ಆಮ್ಲ ಮತ್ತು ತೇವ ಕಬ್ಬಿಣವನ್ನು ತಿನ್ನುವುದರಿಂದ ಖಡ್ಗವನ್ನೂ ಒರೆಯನ್ನೂ ಬೇರೆ ಬೇರೆ ಇಟ್ಟು, ಎರಡಕ್ಕೂ ಒಂದೇ ಗುರುತುಚೀಟಿ ಕಟ್ಟಬೇಕು. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿಸಿಡುವುದು ಉತ್ತಮ. ಹಳೆಯ ಪತ್ರಿಕೆಗಳ ಕಾಗದದಲ್ಲಿ ಆಮ್ಲವಿರುವುದರಿಂದ ಅದನ್ನು ಸುತ್ತಬಾರದು.

ಆಯುಧಪೂಜೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಖಡ್ಗದ ಕೆಳಗೆ ಬಟ್ಟೆ ಹಾಸಿ, ಅರಿಶಿನ-ಕುಂಕುಮವನ್ನು ಪೀಠಕ್ಕೆ ಏರಿಸಿದರೆ ಪೂಜೆಯೂ ಸಲ್ಲುತ್ತದೆ, ಲೋಹವೂ ಉಳಿಯುತ್ತದೆ.

ಕಾನೂನು, ನೆರವು

ನೂರು ವರ್ಷ ದಾಟಿದ ಇಂತಹ ವಸ್ತು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಪುರಾವಸ್ತು ಎನಿಸಿಕೊಳ್ಳುತ್ತದೆ; ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಖಡ್ಗವು 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯಾಪ್ತಿಗೂ ಬರುವುದರಿಂದ ಸ್ಥಳೀಯ ಪೊಲೀಸರಲ್ಲಿ ನಿಯಮ ವಿಚಾರಿಸುವುದು ಕ್ಷೇಮ. ಭೂಮಿ ಅಗೆಯುವಾಗ ದೊರೆತದ್ದಾದರೆ ಅದು ಮನೆಯ ಸ್ವತ್ತಲ್ಲ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ಸಲಹೆಗಾಗಿ ರಾಜ್ಯ ಪುರಾತತ್ವ ಇಲಾಖೆ, ಬೆಂಗಳೂರಿನಲ್ಲಿರುವ ಇಂಟಾಕ್ ಸಂರಕ್ಷಣಾ ಕೇಂದ್ರ ಹಾಗೂ ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವನ್ನು ಸಂಪರ್ಕಿಸಬಹುದು.

ನಲ್ಲೂರಿನ ಹುಣಸೆ ಮರಗಳು ಉಳಿದದ್ದು ಅವನ್ನು ಯಾರೋ ಹೊಸದಾಗಿ ಅಂದಗೊಳಿಸಿದ್ದರಿಂದಲ್ಲ. ಪೊಟರೆ, ಗಂಟು, ಬಿರುಕುಗಳ ಸಮೇತ ಇದ್ದಂತೆ ಇರಲು ಬಿಟ್ಟಿದ್ದರಿಂದ. ಅಟ್ಟದ ಮೇಲಿನ ಖಡ್ಗಕ್ಕೂ ಬೇಕಿರುವುದು ಅಷ್ಟೇ ತಾಳ್ಮೆ. ಟಿಪ್ಪುವಿನ ಕಾಲದ್ದೋ, ಟೊಫ್ರೆಕ್‌ನಿಂದ ಬಂದದ್ದೋ ಎಂಬ ಪ್ರಶ್ನೆಗೆ ಉತ್ತರ ಆ ಕೊಳೆಯ ಕೆಳಗೇ ಇರಬಹುದು. ಉಜ್ಜುವ ಮುನ್ನ ಅದನ್ನು ಓದೋಣ.